ನಾಲ್ಕನೆಯ ಸಂಚಿಕೆ, ಕಪ್ಪು-ಬಿಳುಪು ಪ್ರತಿ

ಮೊದಲೇ ಹೇಳಿಬಿಡುತ್ತೇನೆ:
ನಾನು ಓದಿದ್ದು ಮೂಲವಲ್ಲ, ಝೆರಾಕ್ಸ್.
ಮೂಲ ಅಬುಧಾಬಿಯದು. ಮಿಸ್ಬಾಹನ ಮಾವನ ಮಗನ ಪೆಟ್ಟಿಗೆಯಲ್ಲಿ
ಹಾಲಿನ ಪುಡಿಯ ಡಬ್ಬಿಗೂ ತಲೆನೋವಿನ ಎಣ್ಣೆಗೂ ನಡುವೆ ಮಲಗಿ
ಉಪ್ಪಳಕ್ಕೆ ಬಂತು, ಶುಕ್ರವಾರದ ವಿಮಾನಕ್ಕೆ ಮರಳಿತು.
ನಡುವಿನ ಒಂದು ಮಧ್ಯಾಹ್ನ, ಕರೆಂಟು ಇದ್ದಷ್ಟು ಹೊತ್ತು,
ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಬಿದ್ದಿತ್ತು.

‘ಕೊನೆಯ ಸೂರ್ಯನ ಯುದ್ಧ’, ಒಟ್ಟು ಒಂಬತ್ತು ಸಂಚಿಕೆ.
ಬೇರೆ ಬೇರೆ ಪುಸ್ತಕದ ವೀರರೆಲ್ಲ
ತಂತಮ್ಮ ಕತೆ ಅರ್ಧಕ್ಕೆ ಬಿಟ್ಟು ಇಲ್ಲಿ ಸೇರಿದ್ದಾರೆ,
ಮದುವೆಗೆ ಎರಡೂ ಕಡೆಯ ನೆಂಟರು ಸೇರಿದ ಹಾಗೆ.
ಯಾರು ಯಾರಿಗೆ ಏನಾಗಬೇಕು, ಕೇಳಲು ನಾಚಿಕೆ.
ಪುಟದ ಅಡಿಗೆಲ್ಲ ಚುಕ್ಕಿ ಗುರುತು:
‘ಈ ಗಾಯದ ಹಿನ್ನೆಲೆಗೆ ನೋಡಿ, ಇನ್ನೊಂದು ಸರಣಿ, ಸಂಚಿಕೆ ಹನ್ನೊಂದು.’
ಎಲ್ಲಿಂದ ನೋಡುವುದು ಮಾರಾಯರೇ?

ಇದರಲ್ಲಿ ಯುದ್ಧವೇ ಇಲ್ಲ.
ಮೂರರಲ್ಲಿ ಆಯಿತಂತೆ, ಐದರಲ್ಲಿ ಮತ್ತೆ ಉಂಟಂತೆ.
ಮುಖಪುಟದ ತುಂಬ ಕತ್ತಿ ಹಿರಿದು ನಿಂತ ಕ್ಯಾಪ್ಟನ್ ವೆಲ್ಡಾ
ಒಳಗೆ ಇರುವುದು ಎರಡೇ ಚೌಕ, ಒಂದರಲ್ಲಿ ಬರೀ ಬೆನ್ನು.
ಮಿಸ್ಬಾಹ ‘ಮೋಸ’ ಎಂದ.
ಉಳಿದ ಪುಟಗಳಲ್ಲೆಲ್ಲ ಎರಡು ಸಾಮ್ರಾಜ್ಯದ ನಡುವಿನ ಒಂದು ಠಾಣೆ,
ಅಲ್ಲಿ ಕುರ್ನೋ ಎಂಬ ಮೂರು ಕೈಯ ಗುಮಾಸ್ತೆ.
ಹಡಗು ಬರುತ್ತದೆ, ಕಾಗದ ನೋಡುತ್ತಾಳೆ,
ಸೀಲು ಒತ್ತುತ್ತಾಳೆ, ಹಡಗು ಹೋಗುತ್ತದೆ.

ಒಂಬತ್ತನೆಯ ಪುಟದಲ್ಲಿ ಒಬ್ಬ ಮುದುಕ.
ಅವನ ಹುಟ್ಟಿನ ದಾಖಲೆ ಒಂದು ಕಡೆಯ ಲಿಪಿ,
ಕೊಟ್ಟ ಫಾರ್ಮು ಇನ್ನೊಂದು ಕಡೆಯದು.
ಇದು ನನಗೆ ಗೊತ್ತುಂಟು.
ನನ್ನ ಗಲ್ಲೆಯ ಮುಂದೆ ದಿನವೂ ನಿಲ್ಲುತ್ತಾರೆ:
ಶಾಲೆಯ ಸರ್ಟಿಫಿಕೇಟು ಕನ್ನಡ, ಅರ್ಜಿ ಮಲಯಾಳ, ಬೈಯುವುದು ತುಳುವಿನಲ್ಲಿ.
ದಾಟುವಾಗ ಹೆಸರಿನ ಬಾಲದ ಅಕ್ಷರ
ಎಲ್ಲೋ ಬಿದ್ದುಹೋಗುತ್ತದೆ.
ಕುರ್ನೋ ಎರಡು ಕೈ ಮೇಜಿನ ಮೇಲಿಟ್ಟು ‘ಆಗುವುದಿಲ್ಲ’ ಎನ್ನುತ್ತಾಳೆ,
ಮೇಲಧಿಕಾರಿ ಕೇಳುವ ಹಾಗೆ.
ಮೇಜಿನ ಅಡಿಯಲ್ಲಿ ಮೂರನೆಯ ಕೈ
ಅವನ ಫಾರ್ಮು ತುಂಬುತ್ತಿರುತ್ತದೆ.
ಮಾತಿಲ್ಲದ ಆ ಒಂದು ಚೌಕಕ್ಕೆ
ನಾನು ಮೂರು ಸಲ ವಾಪಸು ಬಂದೆ. ಗಿರಾಕಿ ಕಾಯುತ್ತಿದ್ದರು.

ಹದಿನೇಳನೆಯ ಪುಟ ಯಂತ್ರದೊಳಗೆ ಸಿಕ್ಕಿಕೊಂಡಿತು,
ಅರ್ಧ ಬಂತು. ಅದರ ಬಗ್ಗೆ ಅರ್ಧ ಅಭಿಪ್ರಾಯ.

ಬಣ್ಣ ಹೇಗೆಂದು ನನ್ನಲ್ಲಿ ಕೇಳಬೇಡಿ.
ಒಂದು ಪಡೆ ಕೆಂಪಂತೆ, ಒಂದು ಹಸಿರಂತೆ,
ನನ್ನ ಪ್ರತಿಯಲ್ಲಿ ಎರಡೂ ಒಂದೇ ಬೂದಿ.
ಹಾಗಾಗಿ ಠಾಣೆಯ ಹಿಂದೆ ಬಿದ್ದಿದ್ದ ಸೈನಿಕನಿಗೆ
ಇನ್ನೊಬ್ಬ ಸೈನಿಕ ನೀರು ಕುಡಿಸಿದಾಗ
ಅದು ಕರ್ತವ್ಯವೋ ದ್ರೋಹವೋ ತಿಳಿಯಲಿಲ್ಲ.
ನೀರು ಕುಡಿಸಿದ, ಅಷ್ಟೇ ಕಂಡಿತು.

ಒಂದು ದೂರು, ಚಿತ್ರಕಾರರಿಗೆ:
ಆಕಾಶವನ್ನು ಇಷ್ಟು ಕಪ್ಪಾಗಿ ಬರೆಯಬೇಡಿ.
ರೇಷನ್ ಕಾರ್ಡಿನ ಇನ್ನೂರು ಪ್ರತಿಯ ಟೋನರನ್ನು
ನಿಮ್ಮ ಆರು ಪುಟದ ಶೂನ್ಯ ಕುಡಿದುಹಾಕಿತು.
ಪುಟಕ್ಕೆ ಒಂದು ರೂಪಾಯಿಯ ಲೆಕ್ಕದಲ್ಲಿ ಬಾಹ್ಯಾಕಾಶ ನಷ್ಟ.

ಆದರೂ ಹನ್ನೊಂದು ಮಕ್ಕಳು ಪ್ರತಿ ಒಯ್ದಿದ್ದಾರೆ.
ಮಂಜೇಶ್ವರದ ರೆನಿಟಾ ನಿನ್ನೆ ಬಂದು
ಇಪ್ಪತ್ತೆರಡನೆಯ ಪುಟದ ಮೂಲೆಗೆ ಬೆರಳಿಟ್ಟಳು:
‘ವಾರಿಜಕ್ಕ, ಈ ಉದ್ದ ಬಾಲದ ಗ್ರಹ ಯಾವುದು?
ಮತ್ತೆ ಎಲ್ಲೂ ಬರುವುದೇ ಇಲ್ಲ.’
ಅದು ನನ್ನ ಡ್ರಮ್ಮಿನ ಗೀರು.
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಅವಳು ಅದಕ್ಕೆ ಹೆಸರಿಟ್ಟು, ಮುದುಕನನ್ನು ಅಲ್ಲಿಗೆ ಕಳಿಸಿ,
ಹೊಳೆಯೊಂದನ್ನೂ ಹರಿಸಿ ಆಗಿತ್ತು.

ಐದನೆಯ ಸಂಚಿಕೆ ಯಾರಲ್ಲಾದರೂ ಇದ್ದರೆ
ರೈಲ್ವೆ ಗೇಟಿನ ಹತ್ತಿರ, ಔಷಧದಂಗಡಿಯ ಪಕ್ಕ, ತನ್ನಿ.
ಅರ್ಧ ಗಂಟೆಯಲ್ಲಿ ಜೋಪಾನವಾಗಿ ಹಿಂತಿರುಗಿಸುತ್ತೇನೆ.
ಡ್ರಮ್ಮು ಬದಲಾಯಿಸಲು ಕಾಸರಗೋಡಿನಿಂದ ಬರಬೇಕಾದವನಿಗೆ
ಸದ್ಯ ಬೇಡ ಎಂದು ಫೋನು ಮಾಡಿದ್ದೇನೆ.