ಬೋರ್ಡು ಬರೆದವನ ಲೆಕ್ಕ

ಮೊದಲ ಸಲ ಬರೆದದ್ದು ಹಲಸಿನ ಹಲಗೆಯ ಮೇಲೆ.
ಮೊಳದುದ್ದದ ಅಕ್ಷರ, ಹಳದಿ, ಅಂಚಿಗೆ ಕೆಂಪು:
ವಿರಾಜಪೇಟೆ ಛಾಯಾ ಕಂಪೆನಿ.
‘ಛಾ’ದ ಬಾಲ ಉದ್ದವಾಯಿತು ಅಂದರು ಪೆಮ್ಮಯ್ಯ.
ಇರಲಿ ಧಣಿ, ನೆರಳಿಗೆ ಬಾಲ ಇದ್ದೇ ಇರುತ್ತದೆ ಅಂದೆ.
ನಕ್ಕು ಎರಡಾಣೆ ಜಾಸ್ತಿ ಕೊಟ್ಟರು.

ಆ ವರ್ಷದ ಕರಿಮೆಣಸೆಲ್ಲ ಮಾರಿ
ತಲಚೇರಿ ಬಂದರಿನಲ್ಲಿ ಇಳಿಸಿಕೊಂಡ ಪೆಟ್ಟಿಗೆ.
ಮಾಕುಟ್ಟದ ಘಾಟಿ, ಎತ್ತಿನ ಗಾಡಿ, ಹುಲ್ಲಿನ ಮೆತ್ತೆ;
ಮೊಯ್ದು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದ.
ಮುಂದೆ ಹಿಡಿ ತಿರುಗಿಸಿದವನೂ ಅವನೇ.
ಸೆಕೆಂಡಿಗೆ ಎರಡು ಸುತ್ತು. ಲೆಕ್ಕ ತಪ್ಪದ ಹಾಗೆ
ಬಾಯೊಳಗೇ ಏನೋ ಮಾಪಿಳ್ಳೆ ಹಾಡು.
ಹಾಡು ಮರೆತು ಕೈ ತಡವಾದ ದಿನ
ತೆರೆಯ ಮೇಲೆ ಎಲ್ಲರೂ ಓಡುತ್ತಿದ್ದರು,
ಹೆಣ ಹೊತ್ತವರು ಕೂಡ.

ಸೂರ್ಯ ನಮ್ಮ ಸಂಬಳವಿಲ್ಲದ ನೌಕರ,
ರಜೆ ಬಹಳ ಹಾಕುತ್ತಿದ್ದ.
ಮಲೆತಿರಿಕೆ ಬೆಟ್ಟದ ಮಗ್ಗುಲಲ್ಲಿ ಬಿಳಿ ಪಂಚೆ ಕಟ್ಟಿ
ಮಂಜು ಸರಿಯುವ ತನಕ ಕೂತಿರುತ್ತಿದ್ದೆವು,
ರಾಜ, ರಾಣಿ, ಮಂತ್ರಿ, ಒಂದೇ ಕಂಬಳಿಯೊಳಗೆ.
ಕಿರೀಟ ರಟ್ಟು. ಗಡ್ಡ ಸೆಣಬು. ರಾಣಿ
ಇಗರ್ಜಿ ಶಾಲೆಯ ಜವಾನನ ಮಗ ಇನಾಸ್.
ಕೋವಿ ಮಾತ್ರ ಸುಳ್ಳಲ್ಲ.

ನಾಲ್ಕು ವರ್ಷ, ಏಳು ಚಿತ್ರ.
ಮಾತಿನ ಪಟ್ಟಿಯೆಲ್ಲ ನನ್ನದು: ಕರಿಬಟ್ಟೆಯ ಮೇಲೆ ಸುಣ್ಣ.
ಕೊಂದವನಿಗೂ ಅತ್ತವಳಿಗೂ ಒಂದೇ ಕೈಬರಹ.
ಹುಣಸೂರು, ಹಾಸನ, ಕಣ್ಣಾನೂರು, ಆಮೇಲೆ ಮದರಾಸು;
ಪೇಟೆಯಲ್ಲಿ ಕಾಫಿಯ ದರ ಕೇಳುತ್ತಿದ್ದವರು
ಪೆಮ್ಮಯ್ಯನ ದರ ಕೇಳತೊಡಗಿದರು.

ಕೇಳಿದವರಲ್ಲೊಬ್ಬ ಮುಂಬಯಿಯವ.
ಬಿಳಿ ಬೂಟು. ಜಿಗಣೆಗೆ ಹೆದರಿ ಕಾರಿನಿಂದ ಇಳಿಯಲಿಲ್ಲ,
ಕಾಗದ ಕಿಟಕಿಯಿಂದಲೇ ಚಾಚಿದ.
ಪೆಮ್ಮಯ್ಯ ಬಾನೆಟ್ಟಿನ ಮೇಲಿಟ್ಟು ರುಜು ಹಾಕಿದರು.
ಎಂಜಿನ್ನಿನ ಬಿಸಿಗೆ ಶಾಯಿ ಬೇಗ ಒಣಗಿತು.

ಎರಡನೆಯ ಸಲವೂ ಅದೇ ಹಲಗೆ.
ಮುಂಬಯಿಯ ಹೆಸರು ಮೊಳದುದ್ದ;
ಅಡಿಯಲ್ಲಿ ನಾವು, ಬೆರಳುದ್ದ, ಪಕ್ಕಕ್ಕೆ: ಶಾಖೆ.
ಅಕ್ಷರ ಸಣ್ಣದು ಅಂತ ಕೂಲಿ ಮುರಿಯಲಿಲ್ಲ, ಪಾಪ.

ಮೂರನೆಯ ಸಲ ಬರೆಯುವುದೇನೂ ಇರಲಿಲ್ಲ,
ಒಂದು ಡಬ್ಬಿ ಕಪ್ಪು, ಅಗಲದ ಕುಂಚ.
ಪೆಟ್ಟಿಗೆ ಹೋಯಿತು, ಅದರ ಹಿಂದೆ ಮೊಯ್ದು ಹೋದ;
ಅಲ್ಲಿ ಹಿಡಿಯನ್ನು ಮೋಟರು ತಿರುಗಿಸುತ್ತದಂತೆ,
ಹಾಡು ಬೇಡವಂತೆ.
ಏಳೂ ಚಿತ್ರ ಕುದಿಸಿ ಬೆಳ್ಳಿ ತೆಗೆದರಂತೆ,
ಉಳಿದ ಸಿಪ್ಪೆ ಬಾಚಣಿಗೆ ಮಾಡುವವರಿಗೆ.
ಬುಧವಾರದ ಸಂತೆಯಲ್ಲಿ ಬಾಚಣಿಗೆ ಕಂಡರೆ
ಈಗಲೂ ಬೆಳಕಿಗೆ ಹಿಡಿದು ನೋಡುತ್ತೇನೆ.
ಅಂಗಡಿಯವ ನನ್ನ ಬೋಳುತಲೆ ನೋಡುತ್ತಾನೆ.

ಪೆಮ್ಮಯ್ಯ ಬೈಯಲಿಲ್ಲ, ಅಳಲಿಲ್ಲ.
ಈ ಸಲ ಮೆಣಸು ಚೆನ್ನಾಗಿ ಬಿಟ್ಟಿದೆ ಬಸ್ತ್ಯಾಂವ್, ಅಂದರು,
ಹಲಗೆ ಬೇಕಾದರೆ ಒಯ್ಯಿ.

ಹೊತ್ತು ತಂದೆ. ಕೋಳಿಗೂಡಿಗೆ ಬಾಗಿಲಾಯಿತು.
ಮೂರು ಬಿಸಿಲಿಗೆ ಕಪ್ಪು ಹೆಕ್ಕಳಿಕೆ ಏಳುತ್ತಿದೆ,
ಕೋಳಿಗಳು ಅಲ್ಲಲ್ಲಿ ಕುಕ್ಕುತ್ತವೆ.
ಮುಂಬಯಿ ಇನ್ನೂ ಗಟ್ಟಿಯಾಗಿ ಕೂತಿದೆ.
ಕೆಳಗೆ, ಒಂದು ಮೂಲೆಯಲ್ಲಿ,
ಹಳದಿ ಬಾಲ.