ಮನುಷ್ಯರ ಬಳಕೆಗಲ್ಲ

ಹುಬ್ಬಳ್ಳಿ ಬಸ್ಸಿನ ಡಿಕ್ಕಿಯಲ್ಲಿ
ಈರುಳ್ಳಿ ಚೀಲದ ಕೆಳಗೆ ಬಂತು ಥರ್ಮೋಕೋಲ್ ಪೆಟ್ಟಿಗೆ.
ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ಬಿದ್ದು ಮೂರು ತಾಸು,
ಒಳಗಿನ ಹಿಮವೆಲ್ಲ ಹಾದಿಯಲ್ಲೇ ಆವಿ.

"ಹೋಗೇ ಶೇವಂತಿ, ಬೇಗ" ಅಂದರು ಮೇಡಂ.
ಬೈತಕೋಲಿನ ಐಸ್ ಫ್ಯಾಕ್ಟರಿಯಲ್ಲಿ ದಾಮು ತಾಂಡೇಲ
ಗಡ್ಡೆ ಒಡೆಯುತ್ತಲೇ ಕೇಳಿದ: "ಎಷ್ಟು ಬುಟ್ಟಿ ಬಂಗಡೆ?"
ಮೀನಲ್ಲ ಅಂದೆ.
"ಮತ್ತೆ?"
ಮನುಷ್ಯ. ಹತ್ತು ಮೈಕ್ರೊಗ್ರಾಂ.
ಅವನು ನಗಲಿಲ್ಲ. ಒಂದು ಸಲಿಕೆ ಹೆಚ್ಚೇ ಹಾಕಿದ.

ಬಾಟಲಿ ಅಂದರೆ ಕಿರುಬೆರಳಿನ ತುದಿ.
ತಳದಲ್ಲಿ ಬಿಳಿ ಹುಡಿ, ಇದೆಯೋ ಇಲ್ಲವೋ
ಕಿಟಕಿಗೆ ಹಿಡಿದು ನೋಡಬೇಕು.
ಚೀಟಿಯಲ್ಲಿ: ಮಾನವ ಫೈಬ್ರೊನೆಕ್ಟಿನ್, ಒಂದು ತುಂಡು.
ಅದರ ಕೆಳಗೇ: ಮನುಷ್ಯರ ಬಳಕೆಗಲ್ಲ.

ರಾತ್ರಿ ಆಯಿ ಕೇಳಿದಳು, "ಯಾರದೇ ಅದು?
ಸತ್ತವರದ್ದೋ, ಇದ್ದವರದ್ದೋ?"
ಯಾರದ್ದೂ ಅಲ್ಲ. ಬರಹ ಮಾತ್ರ ಮನುಷ್ಯರದ್ದು.
ಅದನ್ನೊಂದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿಟ್ಟು
ಓದು ಅಂದಿದ್ದಾರೆ; ಅರ್ಥ ತಿಳಿಯದೆ
ಇರುಳಿಡೀ ಓದಿದೆ ಪಾಪ, ಓದಿದ್ದು ಹೀಗೆ ಹುಡಿಯಾಗಿದೆ.
ಬಾಲಕ್ಕೆ ಆರು ಹಿಸ್ಟಿಡಿನ್ ಕಟ್ಟಿರುತ್ತಾರೆ,
ಗದ್ದಲದೊಳಗಿಂದ ಇದೊಂದನ್ನೇ ಎಳೆದುಕೊಳ್ಳಲು, ಗಾಳದ ಹಾಗೆ.
ಆಯಿ ಎಲೆಗೆ ಸುಣ್ಣ ಸವರಿದಳು.
"ಗಾಳ ಗೊತ್ತಾಯ್ತು. ಉಳಿದದ್ದು ನಿನಗೇ ಇರಲಿ."

ನಮ್ಮಲ್ಲಿರುವುದು ನೊಗಲಿ ಮೀನಿನ ಈಜುರೆಕ್ಕೆಯ ಕೋಶ.
ಬಟ್ಟಲಲ್ಲಿ ತೇಲುತ್ತವೆ, ಹಿಡಿಯಲು ಏನೂ ಇಲ್ಲ.
ಹಿಡಿತ ಸಿಗದ ಕೋಶ ದುಂಡಗಾಗುತ್ತದೆ,
ಎರಡು ದಿನ ನೋಡುತ್ತದೆ, ಆಮೇಲೆ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ.
ವಿಷವಿಲ್ಲ, ಹಸಿವಿಲ್ಲ, ನೆಲ ಸಿಗಲಿಲ್ಲ ಅಷ್ಟೇ
ಎಂದು ಮೇಡಂ ಹುಡುಗರಿಗೆ ಹೇಳುವಾಗ ನಾನು ಬೀಕರ್ ತೊಳೆಯುತ್ತಿದ್ದೆ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟ ವರ್ಷ ಅಪ್ಪ
ಹೊಸ ಕಾಲನಿಯ ಸಿಮೆಂಟು ಕಟ್ಟೆ ಮೇಲೆ
ಮೊಣಕಾಲು ಅಪ್ಪಿ ದುಂಡಗೆ ಕೂತಿರುತ್ತಿದ್ದ.
ನಲ್ಲಿ ಜೋರಾಗಿ ಬಿಟ್ಟೆ.

ಕಲಕಬೇಡಿ ಅಂದಿತ್ತು ಚೀಟಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.
ದೋಣಿಯ ತಳಕ್ಕೆ ಎಣ್ಣೆ ಕುಡಿಸಿದ ಹಾಗೆ
ಮೇಡಂ ಬಟ್ಟಲ ತಳಕ್ಕೆ ಅದನ್ನು ಕುಡಿಸಿದರು,
ತಾಸು ಬಿಟ್ಟು ಕೋಶ ಸುರಿದರು.
ಕರೆಂಟು ಹೋಯಿತು. ಜನರೇಟರಿಗೆ ಡೀಸೆಲ್ ಇಲ್ಲ, ಹಳೆಯ ಸುದ್ದಿ.
ಇಪ್ಪತ್ತೆಂಟು ಡಿಗ್ರಿ ಸಾಕು ಮೀನಿಗೆ;
ಅಷ್ಟನ್ನು ಕಾರವಾರವೇ ಕೊಟ್ಟಿತು.

ಬೆಳಿಗ್ಗೆ ಯಾರೂ ಬರುವ ಮೊದಲು ನಾನೇ ಕಣ್ಣಿಟ್ಟೆ.
ದುಂಡಗಿದ್ದವು ಕಾಲು ಚಾಚಿದ್ದವು,
ಇಳಿತದ ಹೊತ್ತು ಕಾಳಿ ಹೊಳೆಯಲ್ಲಿ
ಬಳಚು ಹೆಕ್ಕುವ ಹೆಂಗಸರು ಕೆಸರಿಗೆ ಕಾಲೂರುವ ಹಾಗೆ,
ಮೊದಲು ಬೆರಳು, ಆಮೇಲೆ ಹಿಮ್ಮಡಿ.
ಅವುಗಳಡಿ ಯಾರದೋ ಹುಡಿ.

ಯಾರಿಗೂ ಹೇಳಲಿಲ್ಲ. ಐಸಿನ ಪೆಟ್ಟಿಗೆ ತೊಳೆಯಲು ಎತ್ತಿದೆ.
ಮೂಲೆಯಲ್ಲೊಂದು ಮೀನಿನ ಹುರುಪೆ,
ದಾಮುವಿನ ಸಲಿಕೆಯದಿರಬೇಕು.
ನೀರಿಗೆ ಹೋಗಲಿಲ್ಲ.
ಉಗುರಿನಿಂದ ಕೆರೆಯಬೇಕಾಯಿತು.