ನಳದಾಗ ನಕ್ಷೆ ಬಂತು

ಐತಾರ ರಾತ್ರಿ ಮಷೀನು ಹೊಸದು ಮಾಡಿದಾಕಿ ನಾನೇ.
ಯಾರೂ ಮಾಡು ಅಂದಿರಲಿಲ್ಲ.
ಸೋಮವಾರ ಮುಂಜಾನಿ ಬೀದರಿನ ಮಂದಿ
ಕೊಡ ತೊಳದಿಟ್ಟು
ಇವತ್ತು ನಮ್ಮ ಓಣಿಗಿ ನೀರು ಎಷ್ಟಕ್ಕ ಅಂತ
ಫೋನಿನಾಗ ನೋಡಿದರ
ವೇಳೆ ಇಲ್ಲ.
ಡಾಲರ್ ಗುರುತು, ಬಾಗಿದ ಕಂಸ, ಅರ್ಧವಿರಾಮ,
ಮ್ಯಾಲಿಂದ ತಳದ ತನಕ ಬರೇ ಕೋಡು.
ನಳ ತಿರುವಿದರ
ಪೈಪಿನ ನಕ್ಷೆ ಸುರದಂಗ.

ಸರ್ವರ್ ಸತ್ತಿರಲಿಲ್ಲ. ಸತ್ತಿದ್ದರ ಬೇಷಿತ್ತು.
ಕೇಳಿದ ಫೈಲು ತಂದು ಕೈಗಿ ಇಡತಿತ್ತು
ಓದು ಬರಹ ಬರದ ಜವಾನನಂಗ.
ಒಳಗ ಬರದದ್ದು ಏನು, ಅದನ್ನ ಮಾಡಬೇಕು
ಅಂತ ತಿಳಿಸೋ ಮಾಡ್ಯೂಲು
ಹಳೇ ಮಷೀನಿನ ಜೋಡಿ ಹೋಗಿತ್ತು.

ಲಾಗ್ ತೆಗದೆ. ಕಡೀ ಸಾಲು:
ಅಂಥ ಫೈಲು ಇಲ್ಲ.
ಅದ! ನನ್ನ ಕಣ್ಣ ಮುಂದೇ ಅದ!
ಹಾದಿ ತಿದ್ದಿ ಕೊಟ್ಟೆ.
ಫೈಲು ಅದ, ಆದರ ನಮ್ಮ ಕಾಲದ್ದಲ್ಲ, ಅಂತು.
ನಮ್ಮತ್ತಿ ನನ್ನ ರೊಟ್ಟಿ ನೋಡಿ ಹಿಂಗೇ ಅಂತಾಳ.

ನೌಬಾದಿನ ಸುರಂಗಬಾವಿ ಹೂಳು ತೆಗೆಯೋವಾಗ
ನಮ್ಮಪ್ಪ ಕೂಲಿಗಿ ಹೋಗಿದ್ದ.
ಒಂದೊಂದೇ ಬಾಯಿಗಿ ಕಂದೀಲು ಇಳಿಬಿಟ್ಟು
ಇಲ್ಲಿ ಹಸಿ ಅದ,
ಇಲ್ಲೂ ಹಸಿ ಅದ,
ಇಲ್ಲಿ ಒಣ,
ಅಂದರ ಇವೆರಡರ ನಡುವ ಕಟ್ಟ್ಯಾದ.
ಅಷ್ಟೇ ಅವನ ವಿದ್ಯೆ.
ನಾನೂ ಒಂದು ಕಂದೀಲು ಬಿಟ್ಟೆ, ಒಂದೇ ಸಾಲಿನ ಫೈಲು,
'ನಮಸ್ಕಾರ' ಅನ್ನು ಅಂತ ಬರದು.
ಅದು ನಮಸ್ಕಾರ ಅನ್ನಲಿಲ್ಲ.
'ನಮಸ್ಕಾರ ಅನ್ನು' ಅಂತು.

ಹೊಸ ಮಾಡ್ಯೂಲು ಇಳಿಸಿದೆ. ಸೆಟ್ಟಿಂಗಿನ ಫೈಲಿನಾಗ
ನೂರಾ ಹನ್ನೆರಡನೇ ಸಾಲು
ತಲಿ ಮ್ಯಾಲ ಒಂದು ಹ್ಯಾಶ್ ಹೊತ್ತು
ಸುಮ್ಮ ಕುಂತಿತ್ತು. ಕಿತ್ತೆ.
ಆದರೂ ಕೋಡು.
ಮತ್ತ ನೋಡಿದೆ, ಕಿತ್ತೇ ಅದ. ಆದರೂ ಕೋಡು.

ಅಷ್ಟೊತ್ತಿಗಿ ಮಂದಿ ಓದಲಿಕ್ಕಿ ಹತ್ತಿದ್ದರು.
ಪಾಸ್‌ವರ್ಡೂ ಅದರಾಗೇ ಇತ್ತು,
ಅದನ್ನ ಮೊದಲು ಬದಲಿಸಿದೆ, ಕೈ ನಡುಗತಿದ್ದವು.
ಡಿಪ್ಲೊಮಾ ಹುಡುಗ ಒಬ್ಬ ಹುಡುಕಿ ತೆಗದ:
ವಾರ್ಡು ಏಳು ಇದ್ದರ, ನಲವತ್ತು ನಿಮಿಷ ಕೂಡಿಸು.
ಫೋನ್ ಮ್ಯಾಲ ಫೋನ್. ಏಳಕ್ಕ ಯಾಕ ಹೆಚ್ಚು?
ಏಳರಾಗ ಯಾರ ಮಾವನ ಮನಿ ಅದ?
ಹನ್ನೊಂದನೇ ವಾರ್ಡಿನ ಘಾಳೆಪ್ಪ
ಆಫೀಸಿಗೇ ಬಂದು ಬೆಂಚಿನ ಮ್ಯಾಲ ಕುಂತ.

ಆ ಸಾಲಿನ ಬಾಜು, ಎರಡು ಓರೆಗೆರೆ ಹಾಕಿ
ರುಕ್ಮೊದ್ದೀನ್ ಸಾಹೇಬರು ಬರದಿದ್ದರು,
ಹದಿನಾಲ್ಕು ವರ್ಷದ ಹಿಂದ:
'ಏರು ಓಣಿ. ಕಡೀ ಮನಿಗಿ ನೀರು ಹತ್ತಲಿಕ್ಕಿ
ಇಷ್ಟು ಹೊತ್ತು ಬೇಕು. ಕಡತದಾಗ ಇಲ್ಲ.
ನಾನೇ ಕೊಡ ಹಿಡದು ನಿಂತು ನೋಡೀನಿ.'

ಘಾಳೆಪ್ಪಗ ಓದಿ ಹೇಳಿದೆ.
ಅವ ಏನೂ ಅನ್ನಲಿಲ್ಲ, ಚಪ್ಪಲಿಗಿ ಹತ್ತಿದ ಕೆಮ್ಮಣ್ಣು
ಬೆಂಚಿನ ಕಾಲಿಗಿ ತಿಕ್ಕಿದ.

ಹತ್ತು ಹೊಡೀತು. ಆಗ ನೆನಪಾತು:
ರೀಸ್ಟಾರ್ಟ್ ಮಾಡೇ ಇಲ್ಲ.

ಮಾಡಿದೆ. ಬಿಳಿ ಪುಟ.
ಒಂದು ಅಕ್ಷರ ಇಲ್ಲದ, ಖಾಲಿ, ಬೆಳ್ಳಗಿನ ಪುಟ.
ನಾನು ಕುರ್ಚಿ ಬಿಟ್ಟು ಎದ್ದು ನಕ್ಕೆ,
ಘಾಳೆಪ್ಪ ಹೆದರಿದ.
ಖಾಲಿ ಅಂದರ ಸರ್ವರ್ ಕೋಡು ಓದಾಕತ್ತ್ಯಾದ,
ಓದತಾ ಎಲ್ಲೋ ಎಡವ್ಯಾದ.
ಎಡವಿದ್ದು ಎಲ್ಲಿ ಅಂತ ಕೇಳಲಿಕ್ಕಿ
ಚಿಟಗುಪ್ಪಕ್ಕ ಫೋನ್ ಹಚ್ಚಿದೆ.
"ಆ ಫಂಕ್ಷನ್ ರಿಟೈರ್ ಆಗ್ಯಾದ ಬೇಟಾ,
ನನ್ನ ಹಿಂದೇ," ಅಂದರು ಸಾಹೇಬರು, ಕೆಮ್ಮುತಾ.
"ಏಳನೇ ವಾರ್ಡಿನ ಸಾಲು ಇಟ್ಟೀಯಲ್ಲ?"

ಇಟ್ಟೀನಿ.
ಆರು ಕಡೆ ಹೆಸರು ತಿದ್ದಿದೆ. ವೇಳೆ ಬಂತು,
ಇಪ್ಪತ್ತು ವಾರ್ಡಿಂದೂ, ಸಾಲಾಗಿ,
ಏನೂ ಆಗೇ ಇಲ್ಲ ಅನ್ನೋ ಹಂಗ.
ಕಾರಣ ಮತ್ತ ಒಳಗ ಹೋತು.

ಘಾಳೆಪ್ಪ ಏಳಲಿಲ್ಲ.
"ನಮ್ಮ ಓಣಿನೂ ಏರೇ ಅದ, ಅಕ್ಕಾ," ಅಂದ.

ನಾಳಿಗಿ ಆರಕ್ಕ ಬರತೀನಿ ಅಂದೆ.
ಕೊಡ ನೀವೇ ತರ್ರಿ.